ಶರಣವ್ವನ ಫೋಟೊ ಹೋದ ಮೇಲೆ

ನಮ್ಮ ಊರಿನ ಹೆಸರು ಕೇಳಬೇಡಿ. ಹೆಸರು ಬರೆದ ಹಳದಿ ಕಲ್ಲೊಂದು ಊರ ಬಾಯಲ್ಲಿ, ಹುಣಸೆಮರದ ಬುಡದಲ್ಲಿತ್ತಂತೆ. ಎಲ್ಲರಿಗೂ ಗೊತ್ತಿದ್ದ ಹೆಸರು, ಹಾಗಾಗಿ ಅದನ್ನು ಯಾರೂ ಓದುತ್ತಿರಲಿಲ್ಲ. ಒಂದು ಅಮಾವಾಸ್ಯೆ ಕಳೆದು ಬೆಳಗಾದಾಗ ಕಲ್ಲು ಇರಲಿಲ್ಲ. ಹೊಸ ಕಲ್ಲು ನಿಲ್ಲಿಸೋಣವೆಂದು ಹಿರಿಯರು ಸೇರಿದಾಗ, ಹೆಸರಿನ ನಡುವಿನ ಅಕ್ಷರಕ್ಕೆ ಒತ್ತು ಇತ್ತೋ ಇಲ್ಲವೋ ಎಂದು ಜಗಳ ಹತ್ತಿ, ಅದು ಇವತ್ತಿಗೂ ತೀರಿಲ್ಲ. ಬಸ್ಸಿನ ಕಂಡಕ್ಟರು "ಕಲ್ಲಿಲ್ಲದವರು ಇಳೀರಿ" ಎಂದು ಕೂಗುತ್ತಾನೆ. ನಾವು ಇಳಿಯುತ್ತೇವೆ.

ನಮ್ಮಲ್ಲಿ ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಯಾರೂ ನೋಡದ ವಸ್ತು ಹೋಗಿಬಿಡುತ್ತದೆ. ಕಳ್ಳ ಒಯ್ಯುವುದಲ್ಲ, ಇಲಿ ಎಳೆಯುವುದಲ್ಲ, ಹೋಗುತ್ತದೆ, ಅಷ್ಟೆ. ಸುಮ್ಮನೆ ಕಣ್ಣು ಹಾಯಿಸಿದರೆ ಸಾಲದು, ನೋಡಬೇಕು. ಆದ್ದರಿಂದ ಅಮಾವಾಸ್ಯೆಯ ಹಿಂದಿನ ದಿನ ಊರಿಗೆ ಊರೇ ಟ್ರಂಕು ಬಿಚ್ಚಿ, ಅಟ್ಟ ಇಳಿಸಿ, ಸೂಜಿಯಿಂದ ಹಿಡಿದು ಒನಕೆಯವರೆಗೆ ಎಲ್ಲವನ್ನೂ ಅಂಗಳದಲ್ಲಿ ಹರಡಿಕೊಂಡು ಕೂರುತ್ತದೆ. ಮನೆಗೆ ಬಂದ ನೆಂಟರಿಗೆ, "ಬರ್ರಿ, ಚಾ ಕುಡೀರಿ, ಹೋಗೂ ಮುಂದ ಆ ಮೂಲಿ ಒಂದೀಟು ನೋಡಿ ಹೋಗ್ರಿ" ಎನ್ನುವುದು ನಮ್ಮ ಮರ್ಯಾದೆ. ಬೇಸಿಗೆ ಮುಗಿಯುವುದರೊಳಗೆ ಊರಿನ ಅರ್ಧ ಕೊಡೆಗಳು ಹೋಗಿರುತ್ತವೆ. ಮನುಷ್ಯರು ಮಾತ್ರ ಹೋಗುವುದಿಲ್ಲ. ಹೋಗುವ ಹಾಗಿದ್ದರೆ ತಾನು ಎಂದೋ ಹೋಗಿರುತ್ತಿದ್ದೆನೆಂದು ನಮ್ಮವ್ವ ಹೇಳುತ್ತಿದ್ದಳು.

ಅವಳು ಹಾಗೆ ಹೇಳುವುದಕ್ಕೆ ಕಾರಣವಿತ್ತು. ನಾನು ಗುರುಪಾದ, ಹಾರ್ಮೋನಿಯಂ ರಿಪೇರಿ ಮಾಡುವವನು. ಪೇಟೆಯ ತುದಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಸ್ವರ ಒಂದು ಕೂದಲೆಳೆಯಷ್ಟು ಸರಿದರೂ ನನ್ನ ಕಿವಿಗೆ ತಿಳಿಯುತ್ತದೆ, ಆದರೆ ಕಣ್ಣಿಗೂ ನನಗೂ ಅಷ್ಟಕ್ಕಷ್ಟೆ. ಕೈಯಲ್ಲೇ ಹಿಡಿದ ಸ್ಕ್ರೂಡ್ರೈವರಿಗಾಗಿ ಅಂಗಡಿಯೆಲ್ಲ ಹುಡುಕುತ್ತಿದ್ದೆ. ನನ್ನ ಉಪಕರಣಗಳು ಉಳಿದದ್ದು ಅವ್ವ ದಿನಾ ಬಂದು ನೋಡಿ ಹೋಗುತ್ತಿದ್ದುದರಿಂದ. ಇಂಥವನಿಗೆ ಹೆಣ್ಣು ಸಿಗಬೇಕಿತ್ತು.

ಬೇರೆ ಊರುಗಳಲ್ಲಿ ಗಂಡಿನವರು ಹೆಣ್ಣು ನೋಡಲು ಹೋಗುತ್ತಾರಂತೆ. ನಮ್ಮಲ್ಲಿ ಗಂಡು ಏನು ನೋಡಿದ ಎಂಬುದನ್ನು ಹೆಣ್ಣಿನವರು ನೋಡುತ್ತಾರೆ. ಪಡಸಾಲೆಯಲ್ಲಿ ಕೂರಿಸಿ, ಶಿರಾ ಉಪ್ಪಿಟ್ಟು ಕೊಟ್ಟು, ತಿಂದು ಕೈ ತೊಳೆದ ಕೂಡಲೇ ಕಣ್ಣಿಗೆ ವಸ್ತ್ರ ಕಟ್ಟುತ್ತಾರೆ. ಆಮೇಲೆ ಹುಡುಗಿಯ ತಂದೆ, "ಏನೇನು ಕಂಡ್ರಿ, ಹೇಳ್ರಿ" ಎನ್ನುತ್ತಾನೆ. ಕಟ್ಟಿಕೊಂಡವಳ ಮನೆಯ ಸಾಮಾನುಗಳನ್ನೆಲ್ಲ ಅಮಾವಾಸ್ಯೆಗೆ ಕಳೆದುಕೊಳ್ಳುವ ಅಳಿಯ ಯಾರಿಗೆ ಬೇಕು?

ಮೊದಲು ಹೋದ ಮನೆಯಲ್ಲಿ ಬಾಗಿಲು ಕಿರುಗುಟ್ಟುತ್ತಿತ್ತು. ಅದು ಹಾರ್ಮೋನಿಯಂನ ಕಪ್ಪು ಎರಡರ ಸ್ವರದಲ್ಲಿ ಕಿರುಗುಟ್ಟುತ್ತದೆ ಎಂದು ಹೇಳಿದೆ. "ಬಾಗಲದ ಬಣ್ಣ ಯಾವುದು?" ಎಂದರು. "ಬಾಗಲಕ್ಕ ಬಣ್ಣ ಇತ್ತೇನ್ರಿ?" ಎಂದೆ. ಎರಡನೆಯ ಮನೆಯಲ್ಲಿ ಉಪ್ಪಿಟ್ಟಿನಲ್ಲಿ ಗೋಡಂಬಿ ಇದ್ದವು ಎಂಬುದೊಂದನ್ನು ಬಿಟ್ಟು ಬೇರೇನೂ ನೆನಪಿಗೆ ಬರಲಿಲ್ಲ. ಇನ್ನೊಂದು ಮನೆಯಲ್ಲಿ ಮೂಲೆಯಲ್ಲೊಂದು ಹಾಸಿಗೆ ಸುರುಳಿ ಇದೆ ಎಂದುಕೊಂಡು ಅದರ ಮೇಲೆ ನನ್ನ ಟೋಪಿ ಇಟ್ಟೆ. ಅದು ಹುಡುಗಿಯ ಅಜ್ಜಿಯಾಗಿತ್ತು. ಪುಣ್ಯಕ್ಕೆ ಅಜ್ಜಿಗೆ ನಿದ್ದೆ ಹತ್ತಿತ್ತು, ಆದರೆ ಉಳಿದವರು ಎಚ್ಚರವಿದ್ದರು.

ಕೊನೆಗೆ ಹಿತ್ತಾಳೆ ಪಾತ್ರೆಯ ಅಂಗಡಿಯ ಚನ್ನಮಲ್ಲಪ್ಪನವರ ಮಗಳು ದಾನಮ್ಮನ ಸಂಬಂಧ ಬಂತು. ಚನ್ನಮಲ್ಲಪ್ಪನವರೆಂದರೆ ಊರಿಗೇ ದೊಡ್ಡ ಕಣ್ಣು. ಮುಂದೆ ಅಂಗಡಿ, ಹಿಂದೆ ಮನೆ, ಎರಡರ ತುಂಬ ಪಾತ್ರೆ. ದಿನಾ ಬೆಳಿಗ್ಗೆ ಎದ್ದು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಅವರ ಮನೆಯಿಂದ ಒಂದು ಚಮಚವೂ ಹೋದದ್ದಿಲ್ಲ ಎಂದು ಊರಲ್ಲಿ ಮಾತಿತ್ತು. ಹೆಂಡತಿ ಶರಣವ್ವ, ದಾನಮ್ಮ ಇನ್ನೂ ತೊದಲು ಮಾತಾಡುವಾಗಲೇ ತೀರಿಕೊಂಡಿದ್ದಳು. ಅವರು ಇನ್ನೊಂದು ಮದುವೆಯಾಗಲಿಲ್ಲ.

ಈ ಸಲ ಅವ್ವ ನನ್ನನ್ನು ನಂಬಲಿಲ್ಲ. ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟಳು. "ನೀ ನೋಡಾಕ ಹೋಗಬ್ಯಾಡ, ನಿನ್ನ ಕೈಲೆ ಆಗೂದಿಲ್ಲ. ಎಲ್ಲಾರ ಮನ್ಯಾಗೂ ಇರೂದು ಹೇಳು. ಗೋಡಿ ಮ್ಯಾಲ ಕ್ಯಾಲೆಂಡರ ಇರತೈತಿ. ಬಾಗಲದ ಬಾಜೂ ಕೊಡಿ ಇರತೈತಿ. ಹೆಣಮಗಳು ತೀರಿದ ಮನಿ, ಆಕಿ ಫೋಟೊ ಇರತೈತಿ, ಅದಕ್ಕ ಹಾರ ಇರತೈತಿ. ಇಷ್ಟು ಹೇಳಿ ಬಾಯಿ ಮುಚ್ಚು."

ಹೋಗಿ ಕುಳಿತೆವು. ದಾನಮ್ಮ ಉಪ್ಪಿಟ್ಟು ತಂದಿಟ್ಟಳು. ಆಕೆಯ ಧ್ವನಿ ಚೆನ್ನಾಗಿತ್ತು, ಸ್ವಲ್ಪ ಕೆಳಗಿನ ಸಪ್ತಕದ್ದು. ನಾನು ಅದನ್ನೇ ಕೇಳುತ್ತ ಕುಳಿತೆ, ಬೇರೇನನ್ನೂ ನೋಡಲಿಲ್ಲ. ವಸ್ತ್ರ ಕಟ್ಟಿದರು. ಚನ್ನಮಲ್ಲಪ್ಪನವರು ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತು, "ಹೇಳ್ರಿ ತಮ್ಮಾ" ಎಂದರು.

"ಗೋಡಿಗೆ ಕ್ಯಾಲೆಂಡರ ಐತ್ರಿ," ಎಂದೆ.

"ಮುಂದ?"

"ತಮ್ಮ ಮನೀಯವರ ಫೋಟೊ ಐತ್ರಿ. ಅದಕ್ಕ ಹಾರ ಹಾಕೇರಿ."

ಅವರ ಧ್ವನಿ ಮೆತ್ತಗಾಯಿತು. "ಶಾಭಾಸ್. ಬಂದವರೆಲ್ಲ ಕೊಡ, ಹಂಡೆ ಅಂತ ಎಣಿಸತಾರ. ಆಕಿನ್ನ ಕಂಡವರು ನೀವ ಮೊದಲಿಗರು. ಹಾರದಾಗ ಯಾವ ಹೂವು?"

ಅವ್ವ ಹೂವಿನ ವಿಷಯ ಹೇಳಿಕೊಟ್ಟಿರಲಿಲ್ಲ. ಊಹೆಯ ಮೇಲೆ, "ಸೇವಂತಿಗಿ ಐತ್ರಿ" ಎಂದೆ. ಸರಿಯೋ ತಪ್ಪೋ ನೋಡಲು ಎಲ್ಲರೂ ಗೋಡೆಯ ಕಡೆ ತಿರುಗಿದರೆಂದು ಕಾಣುತ್ತದೆ, ಕುರ್ಚಿಗಳ ಸಪ್ಪಳವಾಯಿತು. ಆಮೇಲೆ ಯಾವ ಸಪ್ಪಳವೂ ಇಲ್ಲ. ಆಮೇಲೆ ದಾನಮ್ಮನ ಧ್ವನಿ: "ಅಪ್ಪಾ, ಅವ್ವ ಎಲ್ಲಿ?"

ನಾನು ವಸ್ತ್ರ ಕಿತ್ತೆ. ಗೋಡೆಯ ಮೇಲೆ ಒಂದು ಮೊಳೆಯಿಂದ ಸೇವಂತಿಗೆ ಹಾರ ಇಳಿಬಿದ್ದಿತ್ತು. ಹೊಸ ಹಾರ, ಬೆಳಿಗ್ಗೆ ಕಟ್ಟಿದ್ದು. ಹಾರದ ನಡುವೆ ಸುಣ್ಣದ ಗೋಡೆ. ಫೋಟೊ ಇದ್ದಷ್ಟು ಜಾಗ ಮಾತ್ರ ಸುತ್ತಲಿಗಿಂತ ಬೆಳ್ಳಗಿತ್ತು. ಯಾವ ಅಮಾವಾಸ್ಯೆಗೆ ಹೋಗಿತ್ತೋ ಯಾರಿಗೆ ಗೊತ್ತು. ದಿನಾ ದಾನಮ್ಮ ಹಾರ ಕಟ್ಟುತ್ತಿದ್ದಳು, ಹೂವು ನೋಡುತ್ತಿದ್ದಳು. ದಿನಾ ಚನ್ನಮಲ್ಲಪ್ಪನವರು ಹಾರ ಏರಿಸುತ್ತಿದ್ದರು, ಮೊಳೆ ನೋಡುತ್ತಿದ್ದರು. ಆಮೇಲೆ ಇಬ್ಬರೂ ಕೈ ಮುಗಿದು ಕಣ್ಣು ಮುಚ್ಚುತ್ತಿದ್ದರು.

ಚನ್ನಮಲ್ಲಪ್ಪನವರು ನನ್ನ ಕಡೆ ತಿರುಗಿದರು. "ನೀವು ಕಂಡೆ ಅಂದ್ರಿ."

"ಇಲ್ರಿ. ನಾ ಏನೂ ನೋಡಿಲ್ರಿ," ಎಂದೆ. ಅವ್ವ ನನ್ನ ತೊಡೆ ಚಿವುಟಿದಳು. "ನಮ್ಮವ್ವ ಹೇಳಿಕೊಟ್ಟಿದ್ಲರಿ. ಆಕಿ ಚಿವುಟಾಕತ್ತಾಳ ನೋಡ್ರಿ."

ಯಾರೂ ನಗಲಿಲ್ಲ. ಅವರು ಎದ್ದು, ಗೋಡೆಯ ಹತ್ತಿರ ಹೋಗಿ, ಆ ಬೆಳ್ಳಗಿನ ಚೌಕದ ಮೇಲೆ ಅಂಗೈ ಇಟ್ಟರು. ನಾವು ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆವು. ನಾನು ಹಾಕಿಕೊಂಡದ್ದರಲ್ಲಿ ಒಂದು ನನ್ನದಲ್ಲ ಎಂದು ಅವ್ವ ಮನೆಗೆ ಬಂದ ಮೇಲೆ ಹೇಳಿದಳು.

ಸುದ್ದಿ ಊರು ತುಂಬಿತು. ದೊಡ್ಡ ಕಣ್ಣಿನ ಚನ್ನಮಲ್ಲಪ್ಪ ಹೆಂಡತಿಯ ಫೋಟೊ ಕಳೆದುಕೊಂಡನೆಂದು ಜನ ತಂಡ ತಂಡವಾಗಿ ಮಾತಾಡಿಸಲು ಬಂದರು. ಬಂದವರೆಲ್ಲ ಆ ಖಾಲಿ ಗೋಡೆಯನ್ನೂ ಒಣಗುತ್ತಿದ್ದ ಹಾರವನ್ನೂ ನೋಡಿ ಲೊಚಗುಟ್ಟಿ ಹೋದರು. ಇನ್ನು ಹತ್ತು ಅಮಾವಾಸ್ಯೆ ಕಳೆದರೂ ಆ ಹಾರ ಹೋಗುವಂತಿರಲಿಲ್ಲ, ಅಷ್ಟು ಜನ ಅದನ್ನು ನೋಡಿದ್ದರು. ಪಕ್ಕದಲ್ಲೇ ಇದ್ದ ಹಂಡೆಯ ಮೇಲೆ ಒಬ್ಬರ ಕಣ್ಣೂ ಬೀಳಲಿಲ್ಲ. ಚನ್ನಮಲ್ಲಪ್ಪನವರು ಗೋಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕುಳಿತವರು ಏಳಲಿಲ್ಲ. ಅಂಗಡಿ ಮುಚ್ಚಿತು. ಅಮಾವಾಸ್ಯೆ ಬಂದು ಹೋಯಿತು. ಹಂಡೆ ಹೋಯಿತು.

ಮರುದಿನ ದಾನಮ್ಮ ನನ್ನ ಅಂಗಡಿಗೆ ಬಂದಳು. ಹಾರ್ಮೋನಿಯಂ ತಂದಿರಲಿಲ್ಲ. ಬಾಗಿಲಲ್ಲೇ ನಿಂತು, "ನೀವು ನಮ್ಮನಿಗೆ ಬರಬೇಕು. ಸಾಮಾನು ನೋಡಾಕ ಒಬ್ಬರು ಬೇಕು, ನನ್ನೊಬ್ಬಾಕಿ ಕೈಲೆ ಆಗವಲ್ದು" ಎಂದಳು.

"ನಾನಾ? ನನ್ನಷ್ಟು ಕುರುಡ ಈ ಊರಾಗ ಯಾರದಾರ?"

"ಗೊತ್ತೈತಿ. ಅಜ್ಜಿ ಮ್ಯಾಲ ಟೋಪಿ ಇಟ್ಟಿದ್ದೂ ಗೊತ್ತೈತಿ." ಆಕೆ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು, "ಬ್ಯಾರೆದವರು ಬಂದ್ರ ಎಲ್ಲಾ ನೋಡೇನಿ, ಎಲ್ಲಾ ಸರಿ ಐತಿ ಅಂತಾರ. ನೀವು ನೋಡಿಲ್ಲ ಅಂದ್ರಿ. ಹಂಗ ಅಂದ ಗಂಡಸರನ್ನ ನಾ ಕಂಡಿದ್ದಿಲ್ಲ."

ಮೆಚ್ಚುಗೆಯೋ ಬೈಗುಳವೋ ತಿಳಿಯದೆ ನಾನು ಆಕೆಯ ಹಿಂದೆ ಹೋದೆ.

ಚನ್ನಮಲ್ಲಪ್ಪನವರು ತಿರುಗಿಯೂ ನೋಡಲಿಲ್ಲ. ನಾನು ಮೊದಲ ಸಾಲಿನಿಂದ ಒಂದು ಪಾತ್ರೆ ಎತ್ತಿಕೊಂಡೆ. ನೋಡುವುದು ಹೇಗೆಂದು ತಿಳಿಯದೆ ಬೆರಳಿನಿಂದ ಬಡಿದೆ. ನಾದ ಚೆನ್ನಾಗಿತ್ತು. "ಈ ತಂಬಿಗಿ ಚಲೋ ಐತ್ರಿ," ಎಂದೆ. ಇನ್ನೊಂದು ಎತ್ತಿಕೊಂಡೆ. "ಈ ಸಣ್ಣ ತಂಬಿಗಿ ಇನ್ನೂ ಚಲೋ ಐತ್ರಿ."

"ಅದು ಚರಿಗಿ," ಎಂದಿತು ಕುರ್ಚಿ.

"ಈ ದೊಡ್ಡ ತಂಬಿಗಿ ಸ್ವಲ್ಪ ಒಡಕು ಧ್ವನಿ ಕೊಡತೈತ್ರಿ."

"ಅದು ಕೊಡ! ನಿಮ್ಮನ್ಯಾಗ ನೀರು ಯಾತರಾಗ ತರತೀರಿ?"

"ತಂಬಿಗ್ಯಾಗ್ರಿ."

ನಾನು ಪರಾತವನ್ನು ಎತ್ತಿ "ಈ ಅಗಲ ತಂಬಿಗಿ" ಎನ್ನುವಷ್ಟರಲ್ಲಿ ಅವರು ಎದ್ದೇ ಬಿಟ್ಟರು. "ಹಿಟ್ಟು ನಾದೂ ಪರಾತಕ್ಕ ತಂಬಿಗಿ ಅಂತೀ ಏನಲೇ! ಕೊಡಿಲ್ಲೆ. ನೋಡು, ಈ ಅಂಚು ನೋಡು. ಇದನ್ನ ಬಡಿದಾಂವ ಎಡಗೈಯಾಂವ. ಬಡಿದ ಗುರುತು ಹೆಂಗ ವಾಲಾಕತ್ತಾವ ನೋಡು." ನಾನು ನೋಡಿದೆ. ನಿಜವಾಗಿಯೂ ಗುರುತುಗಳು ಒಂದೇ ಕಡೆಗೆ ವಾಲಿದ್ದವು. ಅವರೂ ನೋಡಿದರು. ಒಳಬಾಗಿಲಲ್ಲಿ ನಿಂತಿದ್ದ ದಾನಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ನಾನು ನಾಟಕ ಮಾಡಿ ಅವರನ್ನು ಎಬ್ಬಿಸಿದೆ ಎಂದು ಊರಲ್ಲಿ ಹೇಳುತ್ತಾರೆ. ಅದು ಸುಳ್ಳು. ನನಗೆ ನಿಜವಾಗಿಯೂ ಎಲ್ಲವೂ ತಂಬಿಗೆಯೇ ಆಗಿತ್ತು. ಅಂದಿನಿಂದ ದಿನಾ ಸಂಜೆ ಹೋಗುತ್ತಿದ್ದೆ. ನಾನು ತಪ್ಪು ಹೇಳುತ್ತಿದ್ದೆ, ಅವರು ಬೈಯುತ್ತ ತೋರಿಸುತ್ತಿದ್ದರು, ಹಾಗೆ ತೋರಿಸುವಾಗ ತಾವೂ ನೋಡುತ್ತಿದ್ದರು. ಅಂಗಡಿ ಮತ್ತೆ ತೆರೆಯಿತು. ಮುಂದಿನ ಅಮಾವಾಸ್ಯೆಗೆ ಏನೂ ಹೋಗಲಿಲ್ಲ.

ಆದರೆ ಮಾತಿನ ನಡುವೆ ಅವರ ಕಣ್ಣು ಆ ಗೋಡೆಗೆ ಹೋಗಿ ನಿಂತುಬಿಡುತ್ತಿತ್ತು. ಒಂದು ಸಂಜೆ ಕೈಯಲ್ಲಿದ್ದ ಗಂಗಾಳವನ್ನು ಕೆಳಗಿಟ್ಟು, "ಗುರುಪಾದ, ನನಗ ಆಕಿ ಮುಖ ನೆನಪಾಗವಲ್ದು. ನೆನಸಾಕ ಹೋದ್ರ ಹಾರ ಅಡ್ಡ ಬರತೈತಿ" ಎಂದರು.

ದಾನಮ್ಮ ಅಡಿಗೆಮನೆಯಿಂದ ಬಂದಳು. "ನನಗ ನೆನಪೈತಿ ಅಪ್ಪಾ. ಹಸರ ಸೀರಿ ಉಟ್ಟಿದ್ಲು."

"ಹಸರ ಅಲ್ಲ, ಕೆಂಪು."

"ಹಸರ. ದಿನಾ ನೋಡೀನಿ."

"ನಾ ಕೊಡಿಸಿದ ಸೀರಿ, ನನಗ ಗೊತ್ತಿಲ್ಲೇನು?"

ಜಗಳ ಜೋರಾಯಿತು. ಆ ಫೋಟೊ ಬಣ್ಣದ್ದೋ ಕಪ್ಪು ಬಿಳುಪಿನದೋ ಎಂದು ನಾನು ಕೇಳಿದೆ. ಜಗಳ ಅಲ್ಲಿಗೇ ನಿಂತಿತು. ಕಪ್ಪು ಬಿಳುಪಿನದು. ದಾನಮ್ಮ ನೆಲ ನೋಡುತ್ತ, "ಹಂಗಾರ ನಾ ಏನು ನೋಡೀನಿ?" ಎಂದಳು. ತಾಯಿ ಎಂದರೆ ಆಕೆಗೆ ಆ ಫೋಟೊ ಒಂದೇ ಇತ್ತು. ನನಗೆ ಏಕಾದರೂ ಕೇಳಿದೆನೋ ಅನ್ನಿಸಿತು.

ಫೋಟೊ ತೆಗೆದ ಸ್ಟುಡಿಯೊದವನನ್ನು ಕೇಳಿ ಪ್ರಯೋಜನವಿರಲಿಲ್ಲ. ಹಳೆಯ ನೆಗೆಟಿವ್‌ಗಳನ್ನು ಯಾರು ನೋಡುತ್ತಾರೆ, ಅವು ಎಂದೋ ಹೋಗಿದ್ದವು. ಆಗ ನಮ್ಮವ್ವ, ಶರಣವ್ವನಿಗೆ ತವರಿನವರು ಯಾರೂ ಇಲ್ಲವೇ ಎಂದು ಕೇಳಿದಳು. ತಂಗಿ ಇದ್ದಳು, ಬಸಲಿಂಗವ್ವ ಎಂದು, ನದಿಯಾಚೆಯ ದೊಡ್ಡ ಊರಿನಲ್ಲಿ. ಹೋಗಿ ಬಂದು ಮಾಡುವ ವಾಡಿಕೆ ನಿಂತು ಹೋಗಿತ್ತು. ಮನೆ ಬಿಟ್ಟು ಹೋದರೆ ಮನೆಯ ಸಾಮಾನನ್ನು ನೋಡುವವರು ಯಾರೆಂದು ಚನ್ನಮಲ್ಲಪ್ಪನವರು ಎಲ್ಲಿಗೂ ಹೋಗುತ್ತಿರಲಿಲ್ಲ.

"ನಾ ನೋಡತೀನಿ ಹೋಗಿ ಬರ್ರಿ," ಎಂದಳು ಅವ್ವ. "ಈ ಮಗನ ಸಾಮಾನು ಇಷ್ಟು ವರ್ಷ ಕಾದಾಕಿ, ನಿಮ್ಮ ಕೊಡ ಏನು ದೊಡ್ಡದು?" ಅಂದೇ ತನ್ನ ಹಾಸಿಗೆ ಎತ್ತಿಕೊಂಡು ದಾನಮ್ಮನ ಜೊತೆ ಇರಲು ಬಂದಳು. ಚನ್ನಮಲ್ಲಪ್ಪನವರು ನನ್ನನ್ನು ಜೊತೆಗೆ ಕರೆದುಕೊಂಡರು. ನಾನು ಹೋದರೂ ಇದ್ದರೂ ಮನೆಗೆ ವ್ಯತ್ಯಾಸವಾಗುವುದಿಲ್ಲ ಎಂದು ಕಾರಣ ಕೊಟ್ಟರು.

ಬಸ್ಸಿನಲ್ಲಿ ಅವರು ಸುಮ್ಮನೆ ಕೂರಲಿಲ್ಲ. ಮೈಲಿಗಲ್ಲು, ಬೇಲಿ, ಮುಂದಿನ ಸೀಟಿನವನ ಕಾಲರು, ಎಲ್ಲವನ್ನೂ ಹುಬ್ಬು ಗಂಟಿಕ್ಕಿ ನೋಡಿದರು. ನದಿ ದಾಟಿದ ಮೇಲೆ ನಾನು, "ಇಲ್ಲೆ ನೋಡದಿದ್ರೂ ನಡೀತೈತ್ರಿ, ಏನೂ ಹೋಗೂದಿಲ್ಲ" ಎಂದೆ. "ಅದು ಅವರ ಪದ್ಧತಿ," ಎಂದರು, ಮತ್ತೆ ಕಾಲರು ನೋಡಿದರು.

ಬಸಲಿಂಗವ್ವ ತುಂಬ ಮಾತಿನ ಹೆಂಗಸು. ಭಾವನನ್ನು ಕಂಡು ಅತ್ತಳು, ನಕ್ಕಳು, ಚಹಾ ಇಟ್ಟಳು, ಮತ್ತೆ ಅತ್ತಳು. ಅಕ್ಕನ ಫೋಟೊ ಇದೆಯೇ ಎಂದು ಕೇಳಿದಾಗ, "ಇರಬೇಕ್ರಿ ಭಾವಾರ, ಅಟ್ಟದಾಗ ಟ್ರಂಕಿನ್ಯಾಗ" ಎಂದಳು.

"ಯಾವಾಗ ನೋಡಿದ್ದಿ?"

"ನೋಡೂದೇನೈತ್ರಿ? ಇಟ್ಟೀನಿ, ಇರತೈತಿ."

ಚನ್ನಮಲ್ಲಪ್ಪನವರು ನನ್ನ ಮುಖ ನೋಡಿದರು. ಇಬ್ಬರೂ ಏಣಿ ಹತ್ತಿದೆವು. ಅಟ್ಟದ ಮೇಲೆ ತಲೆ ಹಾಕಿದ ಅವರು ಅಲ್ಲೇ ನಿಂತುಬಿಟ್ಟರು. ನನ್ನ ಮೂಗು ಅವರ ಹಿಮ್ಮಡಿಗೆ ತಾಗಿತು. ಮುರಿದ ತೊಟ್ಟಿಲು, ಕಾಲಿಲ್ಲದ ಕುರ್ಚಿ, ತೂತು ಬಿದ್ದ ಕೊಡೆಗಳು, ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ. ಎಲ್ಲದರ ಮೇಲೂ ಬೆರಳಿನಷ್ಟು ದಪ್ಪ ಧೂಳು. "ಯಾರೂ ನೋಡಿಲ್ಲ," ಎಂದು ಅವರು ಪಿಸುಗುಟ್ಟಿದರು. "ವರ್ಷಗಟ್ಟಲೆ ಯಾರೂ ನೋಡಿಲ್ಲ. ಆದ್ರೂ ಅದಾವ." ದೇವರ ಗುಡಿಯಲ್ಲಿ ನಡೆಯುವ ಹಾಗೆ ಮೆಲ್ಲಗೆ ಹೆಜ್ಜೆ ಇಟ್ಟರು. ಕೊಡೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಕೆಳಗಿನಿಂದ ಬಸಲಿಂಗವ್ವ, "ಅಟ್ಟ ಸ್ವಚ್ಛ ಮಾಡಾಕ ಬಂದಾರೇನು ಇವರು?" ಎಂದು ಯಾರಿಗೋ ಹೇಳುತ್ತಿದ್ದುದು ಕೇಳಿಸಿತು.

ಫೋಟೊ ಟ್ರಂಕಿನಲ್ಲೇ ಇತ್ತು, ಒಂದು ರೇಷ್ಮೆ ಸೀರೆಯ ಅಡಿ. ಬಸಲಿಂಗವ್ವನ ಮದುವೆಯಲ್ಲಿ ತೆಗೆದದ್ದು, ಎರಡು ಮನೆತನದವರೂ ಸಾಲಾಗಿ ನಿಂತ ದೊಡ್ಡ ಫೋಟೊ. ಅವರು ಅದನ್ನು ಕಿಟಕಿಯ ಬೆಳಕಿಗೆ ಒಯ್ದು ಹುಡುಕತೊಡಗಿದರು. ಮಧ್ಯದ ಸಾಲು ನೋಡಿದರು, ಕುರ್ಚಿಯಲ್ಲಿ ಕೂತವರನ್ನು ನೋಡಿದರು, ಮತ್ತೆ ಮೊದಲಿನಿಂದ ನೋಡಿದರು. ನೆಟ್ಟಗೆ ಕ್ಯಾಮೆರಾ ನೋಡುತ್ತ ಗಂಭೀರವಾಗಿ ನಿಂತ ಮುಖಗಳ ಮೇಲೆ ಅವರ ಬೆರಳು ನಿಲ್ಲುತ್ತಿತ್ತು, ಮುಂದೆ ಹೋಗುತ್ತಿತ್ತು. "ಆಕಿ ಇಲ್ಲ ಇದರಾಗ," ಎಂದರು.

ಬಸಲಿಂಗವ್ವ ಏಣಿ ಹತ್ತಿ ಬಂದು ಇಣುಕಿದಳು. "ಇಲ್ಲೇ ಅದಾಳಲ್ರಿ! ಈ ತುದಿಗೆ."

ತುದಿಯಲ್ಲೊಬ್ಬಳು ಹೆಂಗಸು ನಿಂತಿದ್ದಳು. ಅವಳೊಬ್ಬಳೇ ಕ್ಯಾಮೆರಾ ನೋಡುತ್ತಿರಲಿಲ್ಲ. ಫೋಟೊದ ಅಂಚಿನಿಂದ ಒಂದು ಕೈ ಒಳಗೆ ಚಾಚಿತ್ತು, ಮೊಣಕೈವರೆಗೂ ಇಲ್ಲದ ಬರೀ ಕೈ, ಆ ಕೈಯಲ್ಲಿ ಜಿಲೇಬಿಯ ತಟ್ಟೆ. ಹೆಂಗಸು ಕತ್ತು ತಿರುಗಿಸಿ ಆ ತಟ್ಟೆಯನ್ನೇ ನೋಡುತ್ತಿದ್ದಳು. ಅವಳ ಒಂದು ಕೆನ್ನೆ ಉಬ್ಬಿತ್ತು. ಬಾಯಲ್ಲಿ ಆಗಲೇ ಒಂದಿತ್ತು, ಇನ್ನೊಂದರ ಮೇಲೆ ಕಣ್ಣಿತ್ತು.

ಚನ್ನಮಲ್ಲಪ್ಪನವರು ಬಹಳ ಹೊತ್ತು ನೋಡಿದರು. ಅವರ ಭುಜ ಅಲುಗಿದಾಗ ಅಳುತ್ತಿದ್ದಾರೆಂದುಕೊಂಡೆ. ಅವರು ನಗುತ್ತಿದ್ದರು. "ಜಿಲೇಬಿ," ಎಂದರು. "ಅಯ್ಯೋ, ಜಿಲೇಬಿ! ನಾ ಮರತ ಬಿಟ್ಟಿದ್ದೆ. ಬಸುರಿದ್ದಾಗ ನನ್ನ ಪಾಲಿಂದೂ ತಿಂದು, ಇರುವಿ ತಿಂದಾವ ಅಂತ ಹೇಳತಿದ್ಲು." ಆಮೇಲೆ ಅತ್ತರು. ಬಸಲಿಂಗವ್ವನೂ ಶುರು ಮಾಡಿದಳು. ಧೂಳಿಗೆ ನನಗೆ ಸೀನು ಬಂದು ಮೂವರೂ ಕಣ್ಣು ಒರೆಸಿಕೊಂಡೆವು.

ಹೊರಡುವಾಗ ಅವರು ಫೋಟೊವನ್ನು ಹಿಂದಕ್ಕೆ ಕೊಟ್ಟರು. "ಇಲ್ಲೇ ಇರಲಿ ಬಸಲಿಂಗಿ. ನಿಮ್ಮ ಊರಾಗ ನೋಡದಿದ್ರೂ ಉಳಿತೈತಿ. ನಾ ಒಮ್ಮೆ ಕಳಕೊಂಡಾಂವ."

ಬಸಲಿಂಗವ್ವ ಕೈ ಚಾಚಲಿಲ್ಲ. "ಉಳದಿತ್ತು ಖರೆ ಭಾವಾರ. ಆದ್ರ ನಾನೂ ನನ್ನ ಮದಿವಿ ಆದಾಗಿಂದ ಇವತ್ತ ನೋಡಿದ್ದು. ಇತ್ತು, ಅಷ್ಟ. ಒಯ್ರಿ."

ಒಯ್ದರು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ರೆಪ್ಪೆ ಮುಚ್ಚದೆ ಕುಳಿತಿದ್ದರು. ಮೈಲಿಗಲ್ಲು ಬೇಲಿಗಳ ಗೊಡವೆ ಬಿಟ್ಟರು. ಇಳಿಯುವಾಗ ಅವರ ಕೊಡೆ, ಕೈಚೀಲ, ಹೆಗಲ ಮೇಲಿನ ಶಾಲು ಮೂರೂ ಬಸ್ಸಿನಲ್ಲೇ ಉಳಿದವು. ನಾನು ಜೊತೆಗಿದ್ದೆ, ಆದರೆ ನನಗೆ ಕಾಣಲಿಲ್ಲ.

ಮನೆಗೆ ಬಂದಾಗ ಅವ್ವ ಮತ್ತು ದಾನಮ್ಮ ಪಾತ್ರೆಗಳ ನಡುವೆ ಕೂತು ಶೇಂಗಾ ಸುಲಿಯುತ್ತಿದ್ದರು. ಚನ್ನಮಲ್ಲಪ್ಪನವರು ಮಗಳ ಕೈಗೆ ಫೋಟೊ ಕೊಟ್ಟರು. ಆಕೆ ಹುಡುಕಿದಳು. ಕುರ್ಚಿಯಲ್ಲಿ ಕೂತಿದ್ದ ಒಬ್ಬ ಗಂಭೀರ ಹೆಂಗಸನ್ನು ತೋರಿಸಿ, "ಈಕಿ?" ಎಂದಳು.

"ಅದು ಬೀಗರ ಕಡೆಯಾಕಿ. ಯಾರೋ ಏನೋ."

ಆಕೆ ಇನ್ನೊಬ್ಬಳನ್ನು ತೋರಿಸಿದಳು. ಅದೂ ಅಲ್ಲ. ಹಾರದ ಹಿಂದಿನ ಮುಖದಂಥ ಮುಖವನ್ನೇ ಆಕೆ ಹುಡುಕುತ್ತಿದ್ದಳು. ಅಪ್ಪ ಕೊನೆಗೆ ತುದಿಗೆ ಬೆರಳಿಟ್ಟರು. ದಾನಮ್ಮ ಫೋಟೊವನ್ನು ಕಣ್ಣಿನ ಹತ್ತಿರ ತಂದಳು. "ಕೆನ್ನಿ ಯಾಕ ಬಾತೈತಿ?" ಎಂದು ಕೇಳಿದಳು. ಬಾಯಲ್ಲಿ ಜಿಲೇಬಿ ಇದೆ ಎಂದು ತಿಳಿದಾಗ ಮೊದಲು ನಂಬಲಿಲ್ಲ. ಆಮೇಲೆ ಫೋಟೊವನ್ನು ಎದೆಗೊತ್ತಿಕೊಳ್ಳಲು ಹೋಗಿ, ಹಾಗೆ ಮಾಡಿದರೆ ಕಾಣುವುದಿಲ್ಲವೆಂದು ಮತ್ತೆ ದೂರ ಹಿಡಿದಳು. "ನಮ್ಮವ್ವ ಹಿಂಗ ಇದ್ಲಾ?" ಎಂದಳು. ಅಂದು ಆಕೆ ಅದೇ ಮಾತನ್ನು ಎಷ್ಟು ಸಲ ಕೇಳಿದಳೋ, ಅವರು ಪ್ರತಿ ಸಲವೂ "ಹೌದು" ಎನ್ನುತ್ತಿದ್ದರು.

ಮದುವೆಯ ಮಾತನ್ನು ಅವ್ವನೇ ಎತ್ತಿದಳು. ಚನ್ನಮಲ್ಲಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈಂವಗ ನೋಡಾಕ ಬರೂದಿಲ್ಲ."

"ನೋಡೂದು ನಾ ಕಲಸತೀನಿ," ಎಂದಳು ದಾನಮ್ಮ ಒಳಗಿನಿಂದ.

"ಕಲೀದಿದ್ರ?"

"ಕಲೀದಿದ್ರ ದಿನಾ ತಂಬಿಗಿ ಅಂತಾರ, ನೀವು ದಿನಾ ಬೈತೀರಿ. ಇಬ್ಬರಿಗೂ ಕೆಲಸ ಆತಲ್ಲ."

ಮದುವೆಯಾಯಿತು, ನಾನೂ ಅವ್ವನೂ ಅವರ ಮನೆಯಲ್ಲೇ ಉಳಿದೆವು. ಬಸಲಿಂಗವ್ವ ಬಂದು ನಮ್ಮ ಊರನ್ನೆಲ್ಲ ಸುತ್ತಾಡಿ, ಇಷ್ಟು ಖಾಲಿ ಖಾಲಿ ಮನೆಗಳನ್ನು ತಾನು ಎಲ್ಲೂ ಕಂಡಿಲ್ಲವೆಂದು ಎಲ್ಲರಿಗೂ ಹೇಳಿ ಹೋದಳು.

ಆ ಫೋಟೊವನ್ನು ನಾವು ಗೋಡೆಗೆ ಹಾಕಲಿಲ್ಲ. ಹಾರವನ್ನೂ ಹಾಕಲಿಲ್ಲ. ಊಟಕ್ಕೆ ಕೂರುವ ಜಾಗದಲ್ಲಿ ಜೋಳದ ಡಬ್ಬಿಗೆ ಆನಿಸಿ ಇಟ್ಟಿದ್ದೇವೆ. ಅದು ಎಂದೂ ಹೋಗಲಾರದು, ಯಾಕೆಂದರೆ ಆ ಜಿಲೇಬಿ ತಟ್ಟೆ ಹಿಡಿದ ಕೈ ಯಾರದೆಂದು ಮನೆಯಲ್ಲಿ ಜಗಳವಿದೆ. ಮಾವನವರು ಅದು ತಮ್ಮದೇ ಎನ್ನುತ್ತಾರೆ. ಫೋಟೊ ತೆಗೆಯುವಾಗ ಹೆಂಡತಿಗೆ ಕದ್ದು ಜಿಲೇಬಿ ಕೊಡುತ್ತಿದ್ದುದು ತಮಗೆ ಚೆನ್ನಾಗಿ ನೆನಪಿದೆಯಂತೆ. ಅವ್ವ ಒಪ್ಪುವುದಿಲ್ಲ. "ನಿಮ್ಮ ಕೈ ಅಷ್ಟು ತೆಳ್ಳಗ ಎಂದ ಇತ್ರಿ?" ಎನ್ನುತ್ತಾಳೆ. ಅವರು ತೋಳು ಮೇಲೇರಿಸಿ ಫೋಟೊದ ಪಕ್ಕದಲ್ಲಿ ಮುಂಗೈ ಹಿಡಿಯುತ್ತಾರೆ. ಅಕ್ಕಪಕ್ಕದವರೂ ಬಂದು ಬೆಳಕಿಗೆ ಹಿಡಿದು ನೋಡಿ ಒಂದೊಂದು ಪಕ್ಷ ಸೇರಿ ಹೋಗುತ್ತಾರೆ.

ಮೊನ್ನೆ ನನಗೆ ಫೋಟೊದ ಆ ಮುಂಗೈಯಲ್ಲಿ ಒಂದು ದಾರ ಕಂಡಿತು. ಯಾರೂ ತೋರಿಸದೆ ನನ್ನಷ್ಟಕ್ಕೆ ನಾನೇ ಕಂಡದ್ದು ಬಹುಶಃ ಅದೇ ಮೊದಲು. ಸಂತೋಷ ತಡೆಯಲಾರದೆ ಪಡಸಾಲೆಯಲ್ಲಿ ಕೂಗಿ ಹೇಳಿ, ಅಡಿಗೆಮನೆಗೂ ಓಡಿದೆ. ದಾನಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಕೈಗೆ ದಾರ ಐತಿ!"

"ಐತಿ," ಎಂದಳು. "ಆ ಮದಿವ್ಯಾಗ ಅಡಗಿ ಮಾಡಿದ ಮಲ್ಲಯ್ಯನ ಕೈ ಅದು. ನಮ್ಮ ಮದಿವಿಗೆ ಬಂದಾಗ ಚಿಕ್ಕವ್ವ ಹೇಳ್ಯಾಳ."

"ಇಷ್ಟು ದಿನ ಸುಮ್ಮನಿದ್ದೀ? ಅವರಿಗೆ ಹೇಳಬಾರದೇನು?"

"ಸುಮ್ನಿರ್ರಿ," ಎಂದು ಆಕೆ ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದಳು. "ಯಾರದಂತ ತಿಳದ ದಿನ ನೋಡೂದು ಬಿಡತಾರ."

ಪಡಸಾಲೆಯಿಂದ ಮಾವನವರ ಕೂಗು ಬಂತು. "ಗುರುಪಾದಾ! ದಾರ ಅಂದಿ ಏನು? ನನ್ನ ಕೈಯಾಗೂ ದಾರ ಇತ್ತಲೇ! ನಮ್ಮವ್ವ ಕಟ್ಟಿದ್ಲು!"

ನಾನು ದಾನಮ್ಮನ ಮುಖ ನೋಡಿದೆ. ಆಕೆ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು.

"ಬಲಗೈಯಾಗೋ ಎಡಗೈಯಾಗೋ ಅಂತ ಕೇಳ್ರಿ, ಹೋಗ್ರಿ," ಎಂದಳು.

ಹೋಗಿ ಕೇಳಿದೆ. ಅಂದು ನಾವು ಊಟಕ್ಕೆ ಕೂರುವಷ್ಟರಲ್ಲಿ ರೊಟ್ಟಿಗಳು ಆರಿ ಹಪ್ಪಳದ ಹಾಗಾಗಿದ್ದವು.